ಹೊಸ ಕಂಪ್ಯೂಟರಿಗೆ ಹಳೆಯ ಹಾರ್ಡ್ ಡಿಸ್ಕು

ಹೊಸ ಮನೆಗೆ ಹೋಗುವಾಗ ಅಜ್ಜಿಯ ಟ್ರಂಕನ್ನು ತೆರೆದು ನೋಡದೆ ಯಾರೂ ಭಂಗಾರವಾಲಾನಿಗೆ ಕೊಡುವುದಿಲ್ಲವಷ್ಟೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ವರ್ತಕ ನಗರದವರು ಅಷ್ಟು ಜಾಗರೂಕರಲ್ಲ. ಮಕ್ಕಳ ನಾಮಕರಣದ ಚಿತ್ರಗಳು, ಊರಿನ ಹಿರಿಯರ ಧ್ವನಿ, ಸಂಘದ ನಾಟಕದ ಹಸ್ತಪ್ರತಿ ಇವೆಲ್ಲ ಹಳೆಯ ಡಬ್ಬಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿರುತ್ತವೆ ಎಂಬುದು ಅದು ಕೈಬಿಟ್ಟ ಮೇಲೆ ನೆನಪಾಗುತ್ತದೆ.

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊತ್ತಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದು ಒಂದು ಒಳ್ಳೆಯ ಛಾಯಾಚಿತ್ರಕ್ಕೇ ಅಷ್ಟು ಸ್ಥಳ ಬೇಕು. ಹೀಗಿರಲು, ಮನೆಯ ಹಳೆಯ ಡಿಸ್ಕು ಎಂಥ ಕಣಜವೆಂದು ವಾಚಕರೇ ಊಹಿಸಬಹುದು.

ಮೊದಲು ಅದರ ಜೋಡಣೆಯ ಬಾಯನ್ನು ನೋಡಬೇಕು. ಎರಡು ಸಾಲಿನಲ್ಲಿ 40 ಸೂಜಿಗಳ ಅಗಲ ಬಾಯಿದ್ದರೆ ಅದು ಹಳೆಯ ಐಡಿಇ. ಕಿರಿದಾದ, ಚಪ್ಪಟೆಯ ಬಾಯಿದ್ದರೆ 2003ರ ಸುಮಾರಿಗೆ ಬಳಕೆಗೆ ಬಂದ ಸಾಟಾ. ಮೇಜಿನ ಮೇಲಿಡುವ ಹೊಸ ಕಂಪ್ಯೂಟರುಗಳಲ್ಲಿ ಸಾಟಾ ಜೋಡಣೆ ಸಾಮಾನ್ಯವಾಗಿ ಇನ್ನೂ ಉಂಟು. ಇಲ್ಲವಾದರೆ ಯುಎಸ್‌ಬಿ ಅಡಾಪ್ಟರು ಸಾಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳು ಇಂಥ ಸಾಮಾನಿಗೆ ಹೆಸರಾದವು. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕಾದುದರಿಂದ, ಪ್ರತ್ಯೇಕ ವಿದ್ಯುತ್ ತಂತಿಯುಳ್ಳ ಅಡಾಪ್ಟರನ್ನೇ ಕೇಳಿ ಕೊಳ್ಳತಕ್ಕದ್ದು.

ಹೊಸ ಯಂತ್ರವು ತನ್ನ ಹೊಸ ಡಿಸ್ಕಿನಿಂದಲೇ ಚಾಲೂ ಆಗಲಿ. ಹಳೆಯದು ಪಕ್ಕದಲ್ಲಿ ಕುಳಿತರೆ ಸಾಕು. "ಫಾರ್ಮ್ಯಾಟ್ ಮಾಡಲೇ?" ಎಂದು ಪರದೆ ಕೇಳಿದರೆ ಖಂಡಿತ ಒಪ್ಪಬಾರದು. ಓದಲು ಬರುತ್ತಿಲ್ಲವೆಂದು ಅದರ ಅರ್ಥವೇ ಹೊರತು, ಒಳಗೆ ಏನೂ ಇಲ್ಲವೆಂದಲ್ಲ. ಟಕ್ ಟಕ್ ಶಬ್ದ ಕೇಳಿಬಂದರೆ ಆಗಲೇ ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು. ಮುಚ್ಚಳವನ್ನು ಮಾತ್ರ ತೆರೆಯಬಾರದು. ತಟ್ಟೆಗೂ ಓದುವ ಮುಳ್ಳಿಗೂ ನಡುವಣ ಅಂತರವು ಧೂಳಿನ ಕಣಕ್ಕಿಂತ ಕಡಿಮೆ.

ನಮ್ಮ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. 1998ರಲ್ಲಿ ಬಂದ 'ಬರಹ', ಅನಂತರದ 'ನುಡಿ' ತಂತ್ರಾಂಶಗಳಲ್ಲಿ ಆಗ ಬೆರಳಚ್ಚು ಮಾಡಿದ ಲೇಖನಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣಬಹುದು. ಕೆಟ್ಟುಹೋಯಿತೆಂದು ಅಳಿಸಿಬಿಡಬೇಡಿ. ಆ ಕಾಲದ ಫಾಂಟನ್ನು ಹಾಕಿದರೆ ಅಕ್ಷರಗಳು ಮರಳುತ್ತವೆ. ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಮುಂದಿನವರಿಗೂ ಓದಲು ಬರುತ್ತದೆ.

ಎಲ್ಲವನ್ನೂ ನಕಲು ಮಾಡಿಕೊಂಡ ಮೇಲೆ ಹಳೆಯ ಡಿಸ್ಕನ್ನು ಎರಡನೆಯ ಪ್ರತಿಯನ್ನಿಡಲು ಬಳಸಬಹುದು. ವಯಸ್ಸಾದ ಅದನ್ನೇ ಏಕಮಾತ್ರ ಆಧಾರವಾಗಿ ನಂಬುವುದು ಸಲ್ಲದು. ಕೊಟ್ಟುಬಿಡುವುದಾದರೆ ಕೇವಲ ಅಳಿಸಿದರೆ ಸಾಲದು, ಪೂರ್ಣ ಫಾರ್ಮ್ಯಾಟ್ ಮಾಡಿ ಕೊಡಬೇಕು. ಬ್ಯಾಂಕಿನ ಕಾಗದಪತ್ರಗಳು ಪರರ ಪಾಲಾಗಬಾರದಲ್ಲವೆ?

ಆಯುಧಪೂಜೆಯ ದಿನ ನಾವು ಕಂಪ್ಯೂಟರಿಗೂ ಕುಂಕುಮ ಹಚ್ಚುತ್ತೇವೆ. ಈ ಸಲ ಅದರ ಹಿಂದಿನ ದಿನವೇ ಅಟ್ಟದ ಮೇಲಿನ ಹಳೆಯ ಡಿಸ್ಕನ್ನು ಇಳಿಸಿ, ಒಳಗಿರುವುದನ್ನು ಹೊಸದಕ್ಕೆ ಬರಮಾಡಿಕೊಳ್ಳೋಣ. ಯಂತ್ರವನ್ನು ಅಂಗಡಿಯಿಂದ ಮತ್ತೆ ತರಬಹುದು; ಅಜ್ಜಿಯ ಧ್ವನಿಯನ್ನು ತರಲಾಗದು.