ಕರಾರು ಮುಗಿದ ಮೇಲೂ ಮನೆ ಬಿಡದಿದ್ದರೆ

ಡೊಂಬಿವಲಿಯಲ್ಲೋ ಐರೋಲಿಯಲ್ಲೋ ಎರಡನೇ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟ ಕನ್ನಡಿಗರನ್ನು ಕೇಳಿ, ಹೆಚ್ಚಿನವರ ಭಯ ಒಂದೇ: ಒಳಗೆ ಬಂದವರು ಹೊರಗೆ ಹೋಗದಿದ್ದರೆ?

ಈ ಭಯ ಮುಂಬಯಿಯಿಂದ ಬಂದದ್ದು. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತ್ತು. ತಪ್ಪಿಸಿಕೊಳ್ಳಲು ಮಾಲೀಕರು ಬಾಡಿಗೆದಾರರ ಹಕ್ಕು ಕೊಡದೆ ವಾಸಕ್ಕಷ್ಟೇ ಅನುಮತಿ ಕೊಡುವ ‘ಲೀವ್ ಅಂಡ್ ಲೈಸೆನ್ಸ್’ ದಾರಿ ಹಿಡಿದರು. 1973ರ ಫೆಬ್ರುವರಿ 1ರಂದು ಹಾಗೆ ವಾಸವಿದ್ದವರನ್ನೂ ತಿದ್ದುಪಡಿಯೊಂದು ಬಾಡಿಗೆದಾರರನ್ನಾಗಿಸಿತು. ಕೊನೆಗೆ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ, 1997ರ ಡಿಸೆಂಬರಿನಲ್ಲಿ, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು.

2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಇಡೀ ಲೆಕ್ಕಾಚಾರವನ್ನೇ ಬದಲಿಸಿತು. ವಾಸದ ಮನೆಯ ಲೈಸೆನ್ಸ್ ಅವಧಿ ಮುಗಿದರೂ ಬಿಡದಿದ್ದರೆ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಸಮನ್ಸ್ ಮುಟ್ಟಿದ 30 ದಿನದೊಳಗೆ ಪ್ರಮಾಣಪತ್ರ ಸಲ್ಲಿಸಿ, ವಾದಿಸಲು ಅನುಮತಿ ಪಡೆಯಬೇಕಾದವರು ಒಳಗಿರುವವರು. ಸುಮ್ಮನಿದ್ದರೆ ಮಾಲೀಕರ ಮಾತನ್ನು ಒಪ್ಪಿದಂತೆ. ಅವಧಿ ಮೀರಿ ಕೂತ ಪ್ರತಿ ತಿಂಗಳಿಗೂ ಲೈಸೆನ್ಸ್ ಶುಲ್ಕದ ಎರಡರಷ್ಟು ಪರಿಹಾರ ತೆರಬೇಕು.

ಇಷ್ಟೆಲ್ಲ ಬಲ ಬರುವುದು ಕಾಗದದಿಂದ. ಇಲ್ಲೇ ನಮ್ಮವರು ಎಡವುತ್ತಾರೆ. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ಊರಿನ ರೂಢಿ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ. 55ನೇ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದೇ. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ: ಷರತ್ತುಗಳ ಬಗ್ಗೆ ತಕರಾರು ಎದ್ದರೆ, ಸುಳ್ಳೆಂದು ಸಾಬೀತಾಗುವವರೆಗೆ ಬಾಡಿಗೆದಾರರ ಮಾತೇ ನಿಲ್ಲುತ್ತದೆ. ಏಜೆಂಟರ ಕಮಿಷನ್‌ಗೆ ಒಂದು ತಿಂಗಳ ಬಾಡಿಗೆ ಕೊಡುವವರು ನೋಂದಣಿಯ ಸಾವಿರ ರೂಪಾಯಿಗೆ ಹಿಂದೆಮುಂದೆ ನೋಡುವುದು ಕಂಡರೆ ಸಂಕಟವಾಗುತ್ತದೆ.

ಹೋಟೆಲು, ಅಂಗಡಿಗಳಿಗೆ ಈ ಹತ್ತಿರದ ದಾರಿಯಿಲ್ಲ. 24ನೇ ಕಲಮು ವಾಸದ ಜಾಗಕ್ಕೆ ಮಾತ್ರ. ಠಾಣೆ, ಕಲ್ಯಾಣದ ಹಳೆಯ ಚಾಳುಗಳ ಪಗಡಿ (ಒಳಬರುವಾಗ ದೊಡ್ಡ ಮೊತ್ತ ಕೊಟ್ಟ) ಬಾಡಿಗೆದಾರರ ಮೇಲಿನ ದಾವೆಗಳೂ ಸಿವಿಲ್ ಕೋರ್ಟಿಗೇ ಹೋಗಬೇಕು. ಬಾಕಿ ಬಾಡಿಗೆಗಾಗಿ ಎಬ್ಬಿಸುವುದಾದರೆ ಮೊದಲು ಲಿಖಿತ ನೋಟಿಸು ಕೊಟ್ಟು 90 ದಿನ ಕಾಯಬೇಕು. ಸ್ವಂತಕ್ಕೆ ಬೇಕೆಂದರೆ ಆ ಅಗತ್ಯ ನಿಜವೆಂದು ಕೋರ್ಟಿಗೆ ಮನಗಾಣಿಸಬೇಕು. ಇವು ವರ್ಷಗಟ್ಟಲೆ ಎಳೆಯುತ್ತವೆ.

ತಾಳ್ಮೆಗೆಟ್ಟು ನೀರು, ಕರೆಂಟು ಕಡಿಸುವವರಿದ್ದಾರೆ, ಬೀಗ ಬದಲಿಸುವವರೂ ಇದ್ದಾರೆ. ನನಗಿದು ಕಾನೂನಿಗಿಂತ ಮೊದಲು ಮಾನವೀಯತೆಯ ಪ್ರಶ್ನೆ. ಒಳಗೆ ಮಕ್ಕಳಿರುತ್ತಾರೆ, ಮುದುಕರಿರುತ್ತಾರೆ. ಅಗತ್ಯ ಸೌಕರ್ಯ ತಡೆಯುವುದನ್ನು ಇದೇ ಕಾಯ್ದೆಯ 29ನೇ ಕಲಮು ನಿಷೇಧಿಸುತ್ತದೆ. ಬಲವಂತದಿಂದ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಕೋರ್ಟು ಅವರಿಗೆ ಮನೆಯ ಸ್ವಾಧೀನವನ್ನು ಮರಳಿ ಕೊಡಿಸಬಹುದು, ಮನೆ ಯಾರ ಹೆಸರಿನಲ್ಲೇ ಇರಲಿ.