ಚರಗಿಯ ಮೇಲಿನ ಬೆಳಕು

ಕಲಬುರಗಿ ಜಿಲ್ಲೆಯ ಕಮಲಾಪುರದ ಬಾಳೆಹಣ್ಣನ್ನು ಜನ ಗುರುತಿಸುವುದೇ ಅದರ ಕೆಂಪಿನಿಂದ. ಅದನ್ನು ಬರೀ ಪೆನ್ಸಿಲಿನಲ್ಲಿ ಬಿಡಿಸಲು ಕೂತರೆ ಮೊದಲು ಕೈಕೊಡುವುದೂ ಆ ಕೆಂಪೇ. ಕಾಗದದ ಮೇಲೆ ಉಳಿಯುವುದು ಕಪ್ಪು, ಬಿಳಿ, ನಡುವಿನ ಬೂದು ಛಾಯೆಗಳು ಮಾತ್ರ. ಹಳದಿ ಬಾಳೆ ತಿಳಿಬೂದಾದರೆ ಕೆಂಪು ಬಾಳೆ ಅದಕ್ಕಿಂತ ಗಾಢ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಈ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಹೀಗೆ ಎದುರಿಗಿಟ್ಟ ವಸ್ತುವನ್ನು ನೋಡಿ ಬಿಡಿಸುವುದು ಡ್ರಾಯಿಂಗ್ ಮಾಸ್ತರರ ಭಾಷೆಯಲ್ಲಿ ವಸ್ತುಚಿತ್ರ.

ಅದೇ ಜಿಲ್ಲೆಯ ಶರಣಸಿರಸಗಿಯಂಥ ಊರಿನ ಮನೆಯಲ್ಲಿ ಇದಕ್ಕೆ ಸಾಮಾನು ಹುಡುಕಬೇಕಿಲ್ಲ. ಕಿಟಕಿಯ ಬಳಿ ಸ್ಟೀಲಿನ ಚರಗಿ ಇಟ್ಟರೆ ಸಾಕು. ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು. ಆದರೆ ಕೂತಲ್ಲಿಂದ ಕಾಣುವುದು ಅಂಡಾಕಾರ. ಗೊತ್ತಿದ್ದದ್ದನ್ನು ಬಿಟ್ಟು ಕಂಡದ್ದನ್ನು ಬರೆಯುವುದೇ ಇಲ್ಲಿನ ನಿಜವಾದ ಕಷ್ಟ. ಚರಗಿಯ ಹೊಟ್ಟೆಯ ಮೇಲೆ ಕಿಟಕಿಯೇ ಬಾಗಿ ಕೂತಿರುತ್ತದೆ. ಆ ಹೊಳಪನ್ನು ಯಾವ ಪೆನ್ಸಿಲೂ ಬರೆಯಲಾರದು. ಅಲ್ಲಿ ಕಾಗದವನ್ನು ಹಾಗೇ ಬಿಟ್ಟು, ಅದರ ಅಂಚಿಗೇ ಕಡುಕಪ್ಪು ತುಂಬಬೇಕು. ಆಗ ಖಾಲಿ ಕಾಗದ ಲೋಹದಂತೆ ಮಿಂಚುತ್ತದೆ. ನೆರಳಿನ ಬದಿಯಲ್ಲೂ ಕೆಳಗಿನ ಫರಸಿಕಲ್ಲಿನಿಂದ ಚಿಮ್ಮಿದ ಮಂದ ಬೆಳಕೊಂದು ಇರುತ್ತದೆ. ಹೊಸಬರು ಮರೆಯುವುದು ಇದನ್ನೇ. ಅದು ತಪ್ಪಿದರೆ ಪಾತ್ರೆ ದುಂಡಗಾಗದೆ ಚಪ್ಪಟೆಯಾಗುತ್ತದೆ.

ಪೆನ್ಸಿಲಿನ ಮೇಲಿನ ಅಕ್ಷರಗಳಿಗೂ ಅರ್ಥವಿದೆ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ವಿಧಾನಕ್ಕೆ 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಪೇಟೆಂಟ್ ಪಡೆದ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ: ಅದು ಎಚ್. ಗ್ರಾಫೈಟ್ ಹೆಚ್ಚಿದರೆ ಮೆತ್ತಗೆ, ಕಪ್ಪಗೆ: ಅದು ಬಿ. ಮೊದಲ ಗೆರೆಗೆ 2ಎಚ್, ಕಡುನೆರಳಿಗೆ 6ಬಿ ಇದ್ದರೆ ಸಾಕು. ಒತ್ತಿ ತಿಕ್ಕಿದರೆ ಗ್ರಾಫೈಟ್ ಹೊಳೆಯತೊಡಗಿ ನೆರಳೇ ಕೆಡುತ್ತದೆ. ಹಗುರವಾಗಿ, ಪದರದ ಮೇಲೆ ಪದರ ಕೊಡಬೇಕು.

ಬೆಳಕು–ನೆರಳನ್ನು ಹೀಗೆ ನೋಡುವ ಶ್ರದ್ಧೆ ಕಲಬುರಗಿಗೆ ಹೊಸದಲ್ಲ. ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತರಾದ ಎಸ್.ಎಂ. ಪಂಡಿತ್ (1916–1993) ಹುಟ್ಟಿದ್ದು ಇಲ್ಲಿಯೇ. ನಗರದ ರಂಗಮಂದಿರಕ್ಕೆ ಅವರದೇ ಹೆಸರು. ಅವರ ದೇವತೆಗಳ ಮೈಗೆ ತೂಕ ಬಂದದ್ದು ಬೆಳಕು–ನೆರಳಿನ ಇದೇ ಲೆಕ್ಕದಿಂದ. ಚಿತ್ರಕಲೆ ಕಲಿಸುವ ಕಾಲೇಜುಗಳೂ ಊರಲ್ಲಿವೆ.

ಮನೆಯಲ್ಲಿ ಮಕ್ಕಳಿದ್ದರೆ ಈ ಭಾನುವಾರ ಮೊಬೈಲಿನ ಫೋಟೊ ನೋಡಿ ಬರೆಯಲು ಬಿಡಬೇಡಿ. ಎದುರಿಗೊಂದು ಚರಗಿ ಇಟ್ಟು, ಅವರ ಜೊತೆ ನೀವೂ ಒಂದು ಗಂಟೆ ಕೂತು ನೋಡಿ.