ಚಾಲಕನಿಲ್ಲದ ವಿಮಾನಕ್ಕೆ ರಹದಾರಿ

2019ನೆಯ ಇಸವಿ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ಒಂದು ವಿಮಾನವು ನೆಲಕ್ಕುರುಳಿತು. ನೋಡಲು ಜನ ಗುಂಪುಗೂಡಿದರು. ಆದರೆ ಅದರಲ್ಲಿ ಮನುಷ್ಯನು ಕುಳಿತುಕೊಳ್ಳುವ ಸ್ಥಳವೇ ಇರಲಿಲ್ಲ. ಅದು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟಿನ ತಜ್ಞರು ರೂಪಿಸಿದ 'ರುಸ್ತುಂ-2' ಎಂಬ ಮಾನವರಹಿತ ವಿಮಾನ. ಚಳ್ಳಕೆರೆಯ ಪರೀಕ್ಷಾ ಕ್ಷೇತ್ರದಲ್ಲಿ ಇಂತಹ ಯಂತ್ರಗಳನ್ನು ಹಾರಿಸಿ ಪರೀಕ್ಷಿಸುವುದುಂಟು. ಇಷ್ಟೆಲ್ಲ ಶ್ರಮಪಟ್ಟು, ಕೆಡವಿಕೊಂಡು, ಮತ್ತೆ ಕಟ್ಟುವುದಕ್ಕಿಂತ ಹೊರದೇಶದಿಂದಲೇ ಕೊಂಡು ತರಬಾರದೇಕೆ ಎಂದು ವಾಚಕರು ಕೇಳಬಹುದು. ಕೈಯಲ್ಲಿ ಹಣವಿದ್ದ ಮಾತ್ರಕ್ಕೆ ದೊರೆಯುವ ಸರಕು ಇದಲ್ಲ. ಮಾರುವವನ ಮನಸ್ಸು ಒಪ್ಪಿದರೂ ಅವನ ಸರ್ಕಾರದ ರಹದಾರಿಯಿಲ್ಲದೆ ಒಂದು ರೆಕ್ಕೆಯೂ ಗಡಿ ದಾಟಲಾರದು.

ಈ ರಹದಾರಿಯ ಹಿಂದಿರುವ ಮುಖ್ಯ ನಿಯಮವು ಹುಟ್ಟಿದ್ದು 1987ರಲ್ಲಿ. ಅಮೆರಿಕ, ಕೆನಡಾ, ಬ್ರಿಟನ್, ಫ್ರಾನ್ಸ್, ಅಂದಿನ ಪಶ್ಚಿಮ ಜರ್ಮನಿ, ಇಟಲಿ ಮತ್ತು ಜಪಾನ್ ಈ ಏಳು ದೇಶಗಳು ಕೂಡಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಯನ್ನು ಏರ್ಪಡಿಸಿದುವು. ಅಣುಬಾಂಬನ್ನು ಹೊತ್ತೊಯ್ಯಬಲ್ಲ ವಾಹನಗಳು ಕಂಡಕಂಡವರ ಕೈ ಸೇರಬಾರದೆಂಬುದು ಅವುಗಳ ಉದ್ದೇಶ. 500 ಕಿಲೋಗ್ರಾಂ ಭಾರವನ್ನು 300 ಕಿಲೋಮೀಟರು ದೂರಕ್ಕೆ ಒಯ್ಯಬಲ್ಲ ಯಾವುದೇ ವಾಹನವಾಗಲಿ, ಅದನ್ನು ಮೊದಲನೆಯ ವರ್ಗಕ್ಕೆ ಸೇರಿಸಬೇಕು, ಅದರ ಮಾರಾಟಕ್ಕೆ ಬಹುಮಟ್ಟಿಗೆ 'ಇಲ್ಲ' ಎಂದೇ ಹೇಳಬೇಕು ಎಂದು ಗೊತ್ತುಮಾಡಲಾಯಿತು. ಸಾಧಾರಣ ರೀತಿಯ ಮೊದಮೊದಲ ಅಣ್ವಸ್ತ್ರವೊಂದರ ತೂಕ ಸುಮಾರು ಅಷ್ಟಿರಬಹುದೆಂಬ ಅಂದಾಜಿನ ಮೇಲೆ 500 ಎಂಬ ಅಂಕೆಯನ್ನು ಆರಿಸಿದರು.

ಕ್ಷಿಪಣಿಯ ನಿಯಮದಲ್ಲಿ ವಿಮಾನವು ಹೇಗೆ ಸೇರಿತು? 1944ರಲ್ಲಿ ಜರ್ಮನಿಯು ಲಂಡನ್ನಿನ ಮೇಲೆ ಹಾರಿಸಿದ ವಿ-1 ಎಂಬ ಹಾರುಬಾಂಬಿಗೆ ರೆಕ್ಕೆಯೂ ಇತ್ತು, ಎಂಜಿನೂ ಇತ್ತು. ಚಾಲಕನಿರಲಿಲ್ಲ, ಹಿಂದಿರುಗುವ ಯೋಚನೆಯೂ ಇರಲಿಲ್ಲ. ಅದನ್ನು ವಿಮಾನವೆನ್ನಬೇಕೋ ಕ್ಷಿಪಣಿಯೆನ್ನಬೇಕೋ? ಚಾಲಕನಿಲ್ಲದ ವಿಮಾನವು ಮನೆಗೆ ಮರಳುವುದು ಅದನ್ನು ನಡೆಸುವವನ ಇಚ್ಛೆಯಿಂದಲೇ ಹೊರತು ತನ್ನ ಸ್ವಭಾವದಿಂದಲ್ಲ. ಆದ್ದರಿಂದ ನಿಯಮವನ್ನು ಬರೆದವರು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ದೂರವನ್ನು ಅಳೆಯುವ ಕ್ರಮದಲ್ಲಿಯೂ ಇದೇ ವಿಚಾರ ಅಡಗಿದೆ: ಗಾಳಿಯಿಲ್ಲದ ಆಕಾಶದಲ್ಲಿ, ಇಂಧನ ಅತ್ಯಂತ ಕಡಮೆ ಖರ್ಚಾಗುವ ರೀತಿಯಲ್ಲಿ, ಕೇವಲ ಹೋಗುವ ದಾರಿಯಷ್ಟನ್ನೇ ಲೆಕ್ಕ ಹಿಡಿಯಬೇಕು. ಬರುವ ದಾರಿ ಗಣನೆಗಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ಸಂತೆಗೆ ಹೊರಟ ಎತ್ತಿನ ಗಾಡಿಯನ್ನು ನೆನೆಯೋಣ. ಹತ್ತು ಮೂಟೆ ರಾಗಿಯ ಬದಲು ಆರು ಮೂಟೆಯನ್ನೇ ಹೇರಿ, ಉಳಿದ ಸ್ಥಳದಲ್ಲಿ ಹುಲ್ಲನ್ನು ತುಂಬಿದರೆ ಅದೇ ಗಾಡಿಯು ಇನ್ನೂ ದೂರದ ಸಂತೆಗೆ ಹೋಗಬಲ್ಲುದು. ವಿಮಾನದಲ್ಲಿ ಹುಲ್ಲಿನ ಸ್ಥಾನದಲ್ಲಿ ಇಂಧನವಿದೆ. 'ನಮ್ಮ ಯಂತ್ರ 800 ಕಿಲೋಗ್ರಾಂ ಹೊತ್ತು 250 ಕಿಲೋಮೀಟರು ಮಾತ್ರ ಹಾರುತ್ತದೆ' ಎಂದು ತಯಾರಕನು ವಾದಿಸಿದರೆ, ಭಾರವನ್ನು ಐನೂರಕ್ಕೆ ಇಳಿಸಿ ಇಂಧನವನ್ನು ಹೆಚ್ಚಿಸಿದಾಗ ಅದು ಎಷ್ಟು ದೂರ ಹೋದೀತೆಂಬುದನ್ನು ಅಧಿಕಾರಿಗಳು ಲೆಕ್ಕ ಹಾಕುತ್ತಾರೆ. ಅಮೆರಿಕದ 'ರೀಪರ್' ವಿಮಾನವು ಸುಮಾರು 1,700 ಕಿಲೋಗ್ರಾಂ ಹೊರಬಲ್ಲುದು. ಅದರ ಹಾರಾಟದ ದೂರ ಸುಮಾರು 1,850 ಕಿಲೋಮೀಟರು. ಎರಡು ಮಿತಿಗಳನ್ನೂ ಅದು ಬಹುದೂರ ಮೀರಿದೆ.

ಈ ವ್ಯವಸ್ಥೆಯು ಕರಾರುಪತ್ರವಲ್ಲ; ಇದಕ್ಕೆ ನ್ಯಾಯಾಲಯವಿಲ್ಲ. ಸೇರಿದ ದೇಶಗಳು ತಂತಮ್ಮ ಕಾನೂನಿನ ಮೂಲಕ ಇದನ್ನು ನಡೆಸಬೇಕು, ಅಷ್ಟೆ. ಆದರೂ ಇದರ ಬಿಸಿ ನಮಗೆ ತಟ್ಟದಿರಲಿಲ್ಲ. ರಷ್ಯದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯಿಂದ ಅತಿಶೀತಲ ಎಂಜಿನುಗಳನ್ನೂ ಅವುಗಳ ತಂತ್ರವನ್ನೂ ಪಡೆಯಲು ನಮ್ಮ ಬಾಹ್ಯಾಕಾಶ ಸಂಸ್ಥೆಯು ಒಪ್ಪಂದ ಮಾಡಿಕೊಂಡಿದ್ದಾಗ, 1992ರಲ್ಲಿ ಅಮೆರಿಕವು ಇದೇ ನಿಯಮಗಳನ್ನು ಮುಂದಿಟ್ಟು ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. ಅದೇ ಭಾರತವು 2016ರ ಜೂನ್ 27ರಂದು ಈ ವ್ಯವಸ್ಥೆಯ 35ನೆಯ ಸದಸ್ಯನಾಯಿತು. ಬಾಗಿಲ ಹೊರಗೆ ನಿಂತಿದ್ದವನೇ ಬಾಗಿಲು ಕಾಯುವವರಲ್ಲಿ ಒಬ್ಬನಾದ ಬಗೆ ಇದು.

ಬಾಗಿಲನ್ನು ಭದ್ರವಾಗಿ ಮುಚ್ಚಿದ್ದರಿಂದ ಆದುದೇನು? ಸಂಯುಕ್ತ ಅರಬ್ ಸಂಸ್ಥಾನವು ಅಮೆರಿಕದಿಂದ ಪಡೆದದ್ದು ಆಯುಧವಿಲ್ಲದ ಮಾದರಿಯನ್ನು ಮಾತ್ರ. ಆಯುಧ ಸಹಿತವಾದ 'ವಿಂಗ್ ಲೂಂಗ್' ಅದಕ್ಕೆ ಚೀನದಿಂದ ದೊರೆಯಿತು. ಚೀನ ಈ ವ್ಯವಸ್ಥೆಯ ಸದಸ್ಯನಲ್ಲ. ಇರಾಕ್, ಜೋರ್ಡಾನ್‌ಗಳೂ ಚೀನದ ವಿಮಾನಗಳನ್ನೇ ಕೊಂಡುವು. ವ್ಯಾಪಾರ ಕೈತಪ್ಪಿತೆಂಬ ಅಮೆರಿಕದ ತಯಾರಕರ ದೂರು ಬೆಳೆಯುತ್ತ ಬಂದಿತು. ಕೊನೆಗೆ 2020ರ ಜುಲೈಯಲ್ಲಿ ಅಮೆರಿಕದ ಸರ್ಕಾರವು ನಿಯಮವನ್ನು ಬದಲಿಸದೆ ಅದರ ಅರ್ಥವನ್ನು ಬದಲಿಸಿತು: ಗಂಟೆಗೆ 800 ಕಿಲೋಮೀಟರಿಗಿಂತ ಕಡಮೆ ವೇಗದ ಮಾನವರಹಿತ ವಿಮಾನಗಳನ್ನು ಕಡಮೆ ಬಿಗಿಯ ಎರಡನೆಯ ವರ್ಗದವೆಂದು ಭಾವಿಸುವುದಾಗಿ ಸಾರಿತು. ರೀಪರಿನ ಸಾಮಾನ್ಯ ವೇಗ ಸುಮಾರು 370 ಕಿಲೋಮೀಟರು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಗೆರೆ ಎಳೆದರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂತಹ ದೊಡ್ಡ ಯಂತ್ರಗಳನ್ನು ಕ್ಷಿಪಣಿಯೆನ್ನದೆ ವಿಮಾನವೆಂದೇ ಪರಿಗಣಿಸುವ ನೀತಿಯನ್ನು ಪ್ರಕಟಿಸಿದರು.

ಭಾರತದ ನೌಕಾಪಡೆಯು 2020ರಲ್ಲಿ ಇದೇ ವಂಶದ ಎರಡು 'ಸೀಗಾರ್ಡಿಯನ್' ವಿಮಾನಗಳನ್ನು ಬಾಡಿಗೆಗೆ ತಂದು ಅರಕ್ಕೋಣದ ನೆಲೆಯಿಂದ ಹಾರಿಸತೊಡಗಿತು. ಮೂರು ಪಡೆಗಳಿಗೂ ಸೇರಿ 31 ವಿಮಾನಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಬಿದ್ದುದು 2024ರ ಅಕ್ಟೋಬರ್ 15ರಂದು.

ಇಡೀ ವಿಮಾನವನ್ನು ತಡೆಯುವುದಕ್ಕಿಂತ ಅದರ ಬಿಡಿಭಾಗಗಳನ್ನು ತಡೆಯುವುದು ಕಠಿಣವಾದ ಕೆಲಸ. ತುರ್ಕಿಯ 'ಬೈರಕ್ತಾರ್ ಟಿಬಿ-2' ಎಂಬ ವಿಮಾನದ ಕಣ್ಣು ಕೆನಡಾದಲ್ಲಿ ತಯಾರಾದ ಕ್ಯಾಮರಾ ಆಗಿತ್ತು. ಸರಕನ್ನು ಯಾವುದಕ್ಕೆ ಬಳಸುವೆವೆಂದು ಕೊಳ್ಳುವವರು ಮೊದಲೇ ಭರವಸೆ ಕೊಡಬೇಕಾಗುತ್ತದೆ. ರಹದಾರಿ ನಿಂತಿರುವುದೇ ಆ ಭರವಸೆಯ ಮೇಲೆ. 2020ರಲ್ಲಿ ಆರ್ಮೇನಿಯ, ಅಜರ್‌ಬೈಜಾನ್‌ಗಳ ನಡುವೆ ನಗೋರ್ನೊ-ಕಾರಬಾಖಿನಲ್ಲಿ ನಡೆದ ಯುದ್ಧದಲ್ಲಿ ಈ ಕ್ಯಾಮರಾಗಳು ಕಾಣಿಸಿಕೊಂಡುವು. ಭರವಸೆಗೆ ಇದು ವಿರುದ್ಧವೆಂದು ತನಿಖೆಯಿಂದ ಕಂಡುಕೊಂಡ ಕೆನಡಾ ಸರ್ಕಾರವು 2021ರ ಏಪ್ರಿಲಿನಲ್ಲಿ 29 ರಹದಾರಿಗಳನ್ನು ರದ್ದುಮಾಡಿತು. ಅಷ್ಟರಲ್ಲಿ ತುರ್ಕಿಯವರು ತಮ್ಮದೇ ಕ್ಯಾಮರಾವನ್ನು ಸಿದ್ಧಪಡಿಸಿ ಹಾರಿಸಿ ನೋಡಿದ್ದರು. 2024ರಲ್ಲಿ ಕೆನಡಾ ತನ್ನ ತಡೆಯನ್ನು ತೆಗೆದುಹಾಕಿತು.

ನಮ್ಮ ದೇಶದಲ್ಲಿ ಈ ಕೆಲಸವನ್ನು ವಿದೇಶ ವ್ಯಾಪಾರದ ಮಹಾನಿರ್ದೇಶಕರ ಕಚೇರಿ ನಡೆಸುತ್ತದೆ. 'ಸ್ಕಾಮೆಟ್' ಎಂಬ ಪಟ್ಟಿಯಲ್ಲಿರುವ ವಸ್ತುಗಳನ್ನು ಅದರ ಅನುಮತಿಯಿಲ್ಲದೆ ಹೊರಕ್ಕೆ ಕಳುಹಿಸಕೂಡದು. ಹೊಲಕ್ಕೆ ಔಷಧಿ ಸಿಂಪಡಿಸುವ, ಭೂಮಿಯನ್ನು ಅಳೆಯುವ ಸಣ್ಣ ಯಂತ್ರಗಳ ತಯಾರಕರಿಗೂ ಇದು ತೊಡಕಾಗಿದ್ದುದರಿಂದ 2023ರ ಜೂನ್‌ನಲ್ಲಿ ನಿಯಮವನ್ನು ಸಡಿಲಿಸಲಾಯಿತು. 25 ಕಿಲೋಮೀಟರಿಗೆ ಮೀರದೆ ಹಾರುವ, 25 ಕಿಲೋಗ್ರಾಮಿಗೆ ಮೀರದ ಹೊರೆಯನ್ನು ಹೊರುವ, ನಾಗರಿಕ ಬಳಕೆಯ ಡ್ರೋನುಗಳಿಗೆ ಪ್ರತಿಸಲವೂ ಬೇರೆ ಬೇರೆ ಅನುಮತಿ ಬೇಡದೆ ಒಂದೇ ಸಾಮಾನ್ಯ ಅನುಮತಿ ಸಾಕೆಂದಾಯಿತು.

ಆದರೆ ಸಣ್ಣದೆಲ್ಲವೂ ಸಾಧುವೆಂದು ಹೇಳುವಂತಿಲ್ಲ. ಇರಾನಿನಲ್ಲಿ ರೂಪುಗೊಂಡು, 2022ರಿಂದ ಉಕ್ರೇನಿನ ನಗರಗಳ ಮೇಲೆ ರಷ್ಯವು ಪ್ರಯೋಗಿಸಿದ 'ಶಾಹೆದ್-136' ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲುದು. ಆದರೆ ಅದರ ಸಿಡಿತಲೆಯ ತೂಕ ಮೂಲರೂಪದಲ್ಲಿ 50 ಕಿಲೋಗ್ರಾಮಿನ ಆಸುಪಾಸು. ಅಣುಬಾಂಬಿನ ತೂಕಕ್ಕೆಂದು ಮಾಡಿದ 500ರ ಜರಡಿಯಲ್ಲಿ ಅದು ಸುಲಭವಾಗಿ ಕೆಳಗಿಳಿಯುತ್ತದೆ. ಬಿದ್ದ ಶಾಹೆದುಗಳನ್ನು ಬಿಚ್ಚಿ ನೋಡಿದಾಗ ಅಮೆರಿಕ, ಯೂರೋಪುಗಳ ಸಂಸ್ಥೆಗಳ ವಿದ್ಯುನ್ಮಾನ ಬಿಡಿಭಾಗಗಳು ಸಿಕ್ಕವು. ಅವುಗಳಲ್ಲಿ ಎಷ್ಟೋ, ಮನೆಬಳಕೆಯ ಯಂತ್ರಗಳಲ್ಲಿಯೂ ಇರತಕ್ಕಂಥವು. ಅಂಗಡಿಯಲ್ಲಿ ದೊರೆಯುವ ಚಿಪ್ಪಿಗೆ ಯಾವ ಅಧಿಕಾರಿ ರಹದಾರಿ ಬರೆಯಬೇಕು? ಅದು ಮೂರು ದೇಶಗಳ ವ್ಯಾಪಾರಿಗಳ ಕೈದಾಟಿ ಹೋದ ಮೇಲೆ ಯಾರು ಬೆನ್ನಟ್ಟಬೇಕು? 2023ರ ಸೆಪ್ಟೆಂಬರ್ 1ರಿಂದ ಚೀನವೂ ಡ್ರೋನಿನ ಕೆಲವು ಬಗೆಯ ಎಂಜಿನುಗಳನ್ನು, ಅವಕೆಂಪು ಕ್ಯಾಮರಾಗಳನ್ನು, ಸಂಪರ್ಕ ಸಾಧನಗಳನ್ನು ರಹದಾರಿಯ ಕಟ್ಟಿಗೆ ಒಳಪಡಿಸಿತು.